ಪರಲೋಕಕ್ಕೆಂದು ಎತ್ತಿಟ್ಟ ಸೀರೆ

ಕಣ್ಣಿನ ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟಾರ್ಚು ಕೆಳಗಿಟ್ಟು, 'ಪೊರೆ ಬಲಿತಿದೆ ಮೇಡಂ, ಹೋದ ಸಲವೇ ಹೇಳಿದ್ದೆ. ಆಪರೇಷನ್ ಯಾವತ್ತು ಇಟ್ಟುಕೊಳ್ಳೋಣ?' ಎಂದರು.

'ಮಳೆಗಾಲ ಮುಗಿಯಲಿ ಡಾಕ್ಟ್ರೇ' ಎಂದೆ. (ಹೋದ ಸಲ 'ಬೇಸಿಗೆ ಮುಗಿಯಲಿ' ಎಂದಿದ್ದೆ.)

ಆಟೋದಲ್ಲಿ ಮನೆಗೆ ಬರುವಾಗ ರೂತವ್ವ ನೆನಪಾದಳು. ನನ್ನ ಅವ್ವನ ಅಕ್ಕ, ನನಗೆ ದೊಡ್ಡವ್ವ. ಅವಳೂ ಹೀಗೇ ಕಣ್ಣಿನ ಆಪರೇಷನ್ ಬೇಡವೆಂದು ಹಟ ಹಿಡಿದು ಕೂತಿದ್ದಳು. ಆದರೆ ಅವಳ ಕಾರಣ ನನ್ನದರಷ್ಟು ಬಡವಾಗಿರಲಿಲ್ಲ.

ಎಂಬತ್ತರ ದಶಕದ ಆರಂಭವಿರಬೇಕು. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಕುಷ್ಟಗಿಗೆ ಬಂದರೆ ನಮ್ಮ ಮನೆಗಿಂತ ದೊಡ್ಡವ್ವನ ಮನೆಯಲ್ಲೇ ಹೆಚ್ಚು ಇರುತ್ತಿದ್ದೆ. ಇದನ್ನೆಲ್ಲ ಬರೆಯುವ ಮೊದಲು ಆ ಕಾಲದ ನನ್ನ ಡೈರಿ ತೆಗೆದು ನೋಡಿದೆ. 'ಸುಗ್ಗಿ ಹಬ್ಬ. ವಿಪರೀತ ಬಿಸಿಲು' ಎಂದಷ್ಟೇ ಇದೆ! ಇಡೀ ಜನ್ಮ ನೆನಪಿಡಬೇಕಾದ ದಿನ ನನಗೆ ಕಂಡದ್ದು ಬಿಸಿಲು ಮಾತ್ರವೇ? ಆದ್ದರಿಂದ ಮುಂದಿನದ್ದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ನಾನೂ ಹಾಗೇ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಹಳೆಯ ಕ್ರೈಸ್ತ ಹೆಂಗಸರು ತಾವು ಸತ್ತು ಮಣ್ಣಿಗೆ ಹೋಗುವಾಗ ಉಡಲೆಂದು ಒಂದು ಬಿಳಿ ಸೀರೆ ಎತ್ತಿಡುತ್ತಿದ್ದರು. ದೊಡ್ಡವ್ವನದು ಟ್ರಂಕಿನ ತಳದಲ್ಲಿ ಇರುತ್ತಿತ್ತು. ವರ್ಷಕ್ಕೊಮ್ಮೆ, ಈಸ್ಟರ್ ಹತ್ತಿರ ಬಂದಾಗ, ಅದನ್ನು ಒಗೆದು ಹಿತ್ತಲ ಬೇಲಿಯ ಮೇಲೆ ಹರವುತ್ತಿದ್ದಳು.

'ಏ, ಆಡು ಹೊಡೀರಿ! ಯಕ್ಕನ ಪರಲೋಕದ ಸೀರಿ ತಿಂದಾವು!' ಎಂದು ಪಕ್ಕದ ಮನೆಯ ಶರಣವ್ವ ಕೂಗುತ್ತಿದ್ದಳು. ಶರಣವ್ವನದು ಒಕ್ಕಲುತನದ ಮನೆ. ಧರ್ಮ ಬೇರೆ, ಬೇಲಿ ಒಂದೇ.

ದೊಡ್ಡವ್ವನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಂದೇ ಒಂದು ಹೆಣ್ಣುಕೂಸು ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿತ್ತು. ಅದನ್ನು ಅವಳು 'ಸತ್ತದ್ದು' ಎಂದು ಒಮ್ಮೆಯೂ ಹೇಳಿದವಳಲ್ಲ. 'ನನ್ನ ಕೂಸು ಮ್ಯಾಲೈತಿ' ಎನ್ನುತ್ತಿದ್ದಳು, ಮಗಳು ಗಂಗಾವತಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೇನೋ ಎನ್ನುವಷ್ಟು ಸಹಜವಾಗಿ.

ಆ ವರ್ಷ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಲೆಯ ಬೆಂಕಿ ಕಾಣುತ್ತಿತ್ತು, ರೊಟ್ಟಿ ಕಾಣುತ್ತಿರಲಿಲ್ಲ. ಗಂಗಾವತಿಯಲ್ಲಿ ಕಣ್ಣಿನ ಕ್ಯಾಂಪ್ ಇಟ್ಟಿದ್ದರು. ಅದು ತಪ್ಪಿದರೆ ಮತ್ತೆ ಯಾವಾಗಲೋ. ಅಷ್ಟರಲ್ಲಿ ಕಣ್ಣು ಪೂರ್ತಿ ಹೋದರೆ?

'ಯಕ್ಕಾ, ಬಸ್ಸಿಗೆ ನಾ ಕರಕೊಂಡು ಹೋಗ್ತೀನಿ, ಬಾ' ಎಂದು ಅವ್ವ ಗೋಗರೆದಳು.

'ಅಲ್ಲಿ ಹೋದಮ್ಯಾಲ ಹೊಸಾ ಕಣ್ಣು ಕೊಡ್ತಾನ ದೇವ್ರು. ಇಲ್ಲಿ ಈ ಹಳೇವ್ನ ಯಾಕ ಕೊಯ್ಸಿಕೊಳ್ಳಲಿ?'

ಪಾದ್ರಿಗಳೇ ಬಂದು ಕೂತರು. 'ರೂತವ್ವಾರ, ಈ ಲೋಕಾನೂ ಅವನ ಮಾಡ್ಯಾನಲ್ರಿ' ಎಂದರು.

'ಮಾಡ್ಯಾನ್ರಿ ಅಯ್ನಾರ. ನಾ ನೋಡೀನಲ್ಲ, ಭಾಳ ವರ್ಷ ನೋಡೀನಿ. ಸಾಕ್ರಿ.'

ಪಾದ್ರಿಗಳು ಚಹಾ ಕುಡಿದು ಎದ್ದರು. ಅವರು ತಾನೇ ಏನು ಹೇಳಿಯಾರು? ಈ ಲೋಕ ನಮಗೆ ನಾಲ್ಕು ದಿನದ ಬಿಡಾರ ಎಂದು ಪ್ರತಿ ಭಾನುವಾರ ಬೋಧಿಸಿದವರು ಅವರೇ ಅಲ್ಲವೇ?

ಕ್ಯಾಂಪಿಗೆ ಮುಂಚಿನ ಭಾನುವಾರವೇ ಸುಗ್ಗಿ ಹಬ್ಬ. ವರ್ಷವೆಲ್ಲ ಮೇಲೆ ನೋಡುತ್ತ ಹಾಡುವ ನಮ್ಮ ಜನ ಅವತ್ತೊಂದು ದಿನ ಕೆಳಗೆ ನೋಡುತ್ತಿದ್ದರು. ಚರ್ಚಿನ ಬಲಿಪೀಠದ ಮುಂದೆ ಬಿಳಿಜೋಳದ ತೆನೆ, ಕಡಲೆ ಗಿಡ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಎಲ್ಲವೂ ಒಂದೇ ರಾಶಿ. ಪ್ರಾರ್ಥನೆಯ ನಡುವೆ ಕೋಳಿ ಕೂಗಿದರೆ ಯಾರೂ ಸಿಟ್ಟಾಗುತ್ತಿರಲಿಲ್ಲ. ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ಸವಾಲು, ಅಂದರೆ ಹರಾಜು. ಅದಕ್ಕೆ ಊರಿನವರೆಲ್ಲ ಬರುತ್ತಿದ್ದರು. ಕಟ್ಟುನಿಟ್ಟಿನ ರಿವಾಜು ಒಂದೇ: ದೇವರ ಮುಂದೆ ಇಟ್ಟದ್ದನ್ನು ಇಟ್ಟವರು ವಾಪಸು ಒಯ್ಯುವಂತಿಲ್ಲ, ತಾವೇ ಸವಾಲು ಕೂಗುವಂತೆಯೂ ಇಲ್ಲ.

ದೊಡ್ಡವ್ವ ಪ್ರತಿವರ್ಷ ತನ್ನ ಹೊಲದ ಮೊದಲ ತೆನೆಗಳನ್ನು ಗಂಡನ ಹಳೆಯ ಧೋತರದಲ್ಲಿ ಕಟ್ಟಿ ತರುತ್ತಿದ್ದಳು. ಆ ವರ್ಷವೂ ತಂದಳು. ಸವಾಲು ನಡೆಸುತ್ತಿದ್ದ ಸಾಲೋಮನ್ ಮಾಸ್ತರು ಗಂಟನ್ನು ಎತ್ತಿ ಹಿಡಿದು 'ರೂತವ್ವಾರ ಜ್ವಾಳ! ಗಂಟ ಸಮೇತ! ಕೂಗ್ರಿ' ಎಂದದ್ದೇ ತಡ, ಅವ್ವ ಎದೆ ಹಿಡಿದುಕೊಂಡು ಎದ್ದಳು.

'ಅಯ್ಯ ನಮ್ಮಕ್ಕನ ಸೀರಿ! ಮಾಸ್ತರ, ಅದು ಧೋತ್ರ ಅಲ್ರಿ, ಮಣ್ಣಿಗಿ ಹೋಗೂ ಸೀರಿ!'

ದೊಡ್ಡವ್ವ ಟ್ರಂಕಿನಲ್ಲಿ ಕೈಯಾಡಿಸಿ, ಮೆತ್ತಗಿದ್ದದ್ದನ್ನು ಧೋತರವೆಂದು ಎಳೆದಿದ್ದಳು. ವರ್ಷವರ್ಷವೂ ಒಗೆದೂ ಒಗೆದೂ, ಒಂದು ದಿನವೂ ಉಡದ ಸೀರೆ ಹಳೆಯ ಧೋತರದಷ್ಟೇ ಸವೆದಿತ್ತು!

ಜನ ಬಿದ್ದು ಬಿದ್ದು ನಕ್ಕರು. ಪಾದ್ರಿಗಳು ಮುಗುಳ್ನಗುತ್ತ, 'ಸೀರಿ ಬಿಚ್ಚಿ ಕೊಡ್ರಿ ಮಾಸ್ತರ, ತಿಳೀದ ಆಗೇತಿ' ಎಂದರು.

ದೊಡ್ಡವ್ವ ನಗಲಿಲ್ಲ. ಅವಳ ಮುಖ ಬಿಳಚಿಕೊಂಡದ್ದು ನನಗೆ ನೆನಪಿದೆ. (ಅಥವಾ ಇಷ್ಟು ವರ್ಷಗಳ ಮೇಲೆ ನಾನೇ ಬಿಳಿ ಬಳಿದೆನೋ?) 'ಬ್ಯಾಡ್ರಿ ಅಯ್ನಾರ. ಇಟ್ಟಿದ್ದು ಇಟ್ಟಿದ್ದ' ಎಂದಳು.

ಸವಾಲು ಹಿಡಿದವಳು ಶರಣವ್ವ. ಜೋಳ ಸುರಿದುಕೊಂಡು ಸೀರೆ ಹಿಂದಿರುಗಿಸುವುದು ಅವಳ ಲೆಕ್ಕ. ದೊಡ್ಡವ್ವ ಮುಟ್ಟಲಿಲ್ಲ.

'ಒಯ್ಯಿ ಶರಣಿ. ನಿನ್ನ ಮಗಳು ಹಡದಾಳಲ್ಲ, ಕೂಸಿಗೆ ಜೋಳಿಗಿ ಕಟ್ಟು. ಮೆತ್ತಗೈತಿ.'

'ಏನಂತಿ ಯಕ್ಕಾ! ಸತ್ತೋರ ಸೀರ್ಯಾಗ ಕೂಸಿನ್ನ ಹಾಕಲೇನು?'

'ಯಾರವ್ವ ಸತ್ತೋರು? ನಾ ಇಲ್ಲೇ ನಿಂತೀನಲ್ಲ!'

ಈ ಸಲ ನಗು ಶುರುವಾದದ್ದು ದೊಡ್ಡವ್ವನಿಂದಲೇ. ಶರಣವ್ವನೂ ನಕ್ಕು ಸೀರೆಯನ್ನು ಹೆಗಲಿಗೆ ಹಾಕಿಕೊಂಡಳು.

ಸಂಜೆ ನಾನೇ ದೊಡ್ಡವ್ವನ ಕೈ ಹಿಡಿದು ಪಕ್ಕದ ಮನೆಗೆ ಕರೆದೊಯ್ದೆ. ತೊಲೆಗೆ ಕಟ್ಟಿದ ಬಿಳಿ ಜೋಳಿಗೆಯಲ್ಲಿ ಕೂಸು ಮಲಗಿತ್ತು. ದೊಡ್ಡವ್ವ ಬಟ್ಟೆಯ ಮೇಲೆ ಕೈಯಾಡಿಸಿ, ಒಳಗಿನ ಪುಟ್ಟ ಹಿಮ್ಮಡಿಯ ಹತ್ತಿರ ಬೆರಳು ನಿಲ್ಲಿಸಿದಳು.

'ಯಾರ ಹಂಗೈತಿ?'

'ನಮ್ಮವ್ವನ ಹಂಗ' ಎಂದಳು ಬಾಣಂತಿ. 'ಏ, ಮೂಗು ನೋಡು, ಬೀಗರ ಮೂಗ ಅದು' ಎಂದಳು ಶರಣವ್ವ. ಅಮ್ಮ ಮಗಳಿಗೆ ಅಲ್ಲೇ ಜಗಳ ಹತ್ತಿತು. ದೊಡ್ಡವ್ವ ಮುಖವನ್ನು ಜೋಳಿಗೆಯ ಹತ್ತಿರ, ಇನ್ನೂ ಹತ್ತಿರ ಒಯ್ದಳು. ಏನೂ ಕಾಣಲಿಲ್ಲ. ಮೂಗು ಯಾರದೆಂಬ ಜಗಳಕ್ಕೆ ಅವಳು ತೀರ್ಪು ಕೊಡುವಂತಿರಲಿಲ್ಲ.

ಮನೆಗೆ ಬಂದವಳೇ ಅವ್ವನನ್ನು ಕೇಳಿದಳು: 'ಗಂಗಾವತಿ ಬಸ್ಸು ಎಷ್ಟೊತ್ತಿಗೈತಿ?'

ಅವ್ವನಿಗೆ ನಂಬಿಕೆಯಾಗಲಿಲ್ಲ. 'ಮತ್ತ ಹೊಸಾ ಕಣ್ಣು ಕೊಡ್ತಾನ ಅಂದಿದ್ದಿ?'

'ಕೊಡ್ತಾನ. ಯಾರು ಇಲ್ಲಂದ್ರು?' ಎಂದಳು ದೊಡ್ಡವ್ವ. 'ಮ್ಯಾಲಿನ ಕೂಸು ಕಾಯ್ತೈತಿ. ಅದಕ್ಕ ಅವಸರಿಲ್ಲ. ಈ ಕೂಸು ದೊಡ್ಡದಾಗಿಬಿಡ್ತೈತಿ.'

ಆಪರೇಷನ್ ಆಯಿತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು. ಮೂಗು ಬೀಗರದೇ ಎಂದು ತೀರ್ಪೂ ಆಯಿತು. ಶರಣವ್ವ ಗೆದ್ದಳು.

ದೊಡ್ಡವ್ವನ ನಂಬಿಕೆ ಎಳ್ಳಷ್ಟೂ ಬದಲಾಗಲಿಲ್ಲ. ಮತ್ತೊಂದು ಸೀರೆ ಎತ್ತಿಟ್ಟಳು. ಅದಕ್ಕೆ ಮಾತ್ರ ನೀಲಿ ಅಂಚಿತ್ತು. 'ಇದ್ಯಾಕ ಯಕ್ಕಾ?' ಎಂದು ಅವ್ವ ಕೇಳಿದರೆ, 'ಕಣ್ಣು ಕಾಣ್ತಾವಲ್ಲ, ಈಟು ಬಣ್ಣ ಇರಲಿ' ಎಂದಳಂತೆ. ಸವಾಲಿಗೆ ಹೋದ ಸೀರೆಗೇ ನೀಲಿ ಅಂಚಿತ್ತೆಂದು ನನ್ನ ತಂಗಿ ಇಂದಿಗೂ ವಾದಿಸುತ್ತಾಳೆ. ಎರಡು ಸೀರೆ ಅವಳ ನೆನಪಿನಲ್ಲಿ ಒಂದಾಗಿವೆ ಎಂಬುದು ನನ್ನ ವಾದ. ಒಂದೇ ಸೀರೆ ನನ್ನ ನೆನಪಿನಲ್ಲಿ ಎರಡಾಗಿದೆ ಎಂಬುದು ಅವಳದು.

ಅದು ಇತ್ಯರ್ಥವಾಗುವ ಹಾಗಿಲ್ಲ, ಬಿಡಿ. ನನ್ನನ್ನು ಈ ವಾರವೆಲ್ಲ ಕಾಡುತ್ತಿರುವುದು ಬೇರೆ. ಕಣ್ಣು ಬೇಡವೆನ್ನಲು ದೊಡ್ಡವ್ವನಿಗೆ ಪರಲೋಕವಾದರೂ ಇತ್ತು. ನನಗಿರುವುದು ಬರೀ ಮಳೆಗಾಲವಲ್ಲವೇ?