ಹೊಲಿಯಲು ಕೊಟ್ಟ ಬಟ್ಟೆ

ನಮ್ಮ ದೊಡ್ಡಪ್ಪ ಮುನಿವೆಂಕಟಪ್ಪನಷ್ಟು ಒಳ್ಳೆಯ ದರ್ಜಿ ಹೊಸಕೋಟೆಯಲ್ಲಿ ಇರಲಿಲ್ಲ. ಅವನಷ್ಟು ಪೆದ್ದನೂ ಇರಲಿಲ್ಲ. ಸಮೇತನಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿ, ನೇಗಿಲನ್ನು ತಮ್ಮಂದಿರಿಗೆ ಬಿಟ್ಟು, ಪೇಟೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ. ಯುದ್ಧದ ಕಾಲದಲ್ಲಿ ಬೆಂಗಳೂರಿನ ಕಂಟ್ರಾಕ್ಟರೊಬ್ಬ ಬಂದು ಸಿಪಾಯಿಗಳಿಗೆ ಖಾಕಿ ಚಡ್ಡಿ ಹೊಲಿದುಕೊಡು ಎಂದ. ದೊಡ್ಡಪ್ಪ ಜವಳಿ ಅಂಗಡಿ ಗೋಪಾಲಪ್ಪನವರಲ್ಲಿ ಬಟ್ಟೆ, ಇನ್ನೂ ಕೆಲವರಲ್ಲಿ ಕೂಲಿಯ ದುಡ್ಡು ಸಾಲ ತಂದು ಹೊಲಿದುಕೊಟ್ಟ. ಚಡ್ಡಿ ಒಯ್ದ ಕಂಟ್ರಾಕ್ಟರು ಮತ್ತೆ ಮುಖ ತೋರಿಸಲಿಲ್ಲ.

ಯುದ್ಧ ಮುಗಿದ ಮರುವರ್ಷ ದಿವಾಳಿ ಅರ್ಜಿ ಹಾಕದೆ ವಿಧಿಯಿಲ್ಲ ಎಂದಾಯಿತು. ವಕೀಲರನ್ನು ಹಿಡಿ ಎಂದು ದೊಡ್ಡಮ್ಮ ಲಕ್ಷ್ಮೀದೇವಮ್ಮ ಬಡಕೊಂಡಳು.

"ಕೈಲಿ ಕಾಸಿಲ್ಲ ಅಂತ ಬರ್ಕೊಡೋನು ವಕೀಲ್ರಿಗೆ ಕಾಸು ಕೊಟ್ರೆ ಅದು ಸುಳ್ಳಾಗಲ್ವೇನೆ?" ಎಂದ ಇವನು. ಈ ಮಾತು ನೆನೆದರೆ ನನಗೆ ಇವತ್ತಿಗೂ ನಗು, ಸಿಟ್ಟು ಎರಡೂ ಬರುತ್ತವೆ.

ಹೋಗಿ ಅರ್ಜಿ ಬರೆಯುವವನ ಮುಂದೆ ಕೂತ. "ಅಂಗಡೀಲಿ ಏನೇನೈತೆ, ಎಲ್ಲಾ ಹೇಳಪ್ಪ" ಎಂದು ಅವನು ಕೇಳಿದ. ಮುಚ್ಚುಮರೆ ಗೊತ್ತಿಲ್ಲದ ದೊಡ್ಡಪ್ಪ ಮಿಷನ್ನು, ಕತ್ತರಿ, ಇಸ್ತ್ರಿಪೆಟ್ಟಿಗೆಯ ಜೊತೆಗೆ ಗಿರಾಕಿಗಳು ಹೊಲಿಯಲು ಕೊಟ್ಟಿದ್ದ ರವಿಕೆ ಕಣಗಳನ್ನೂ, ಪಿಳ್ಳಪ್ಪನ ಮಗಳ ಮದುವೆ ಬಟ್ಟೆಯನ್ನೂ ಹೇಳಿಬಿಟ್ಟ. ಎಲ್ಲವೂ ಅವನ ಆಸ್ತಿಯೆಂದು ಕಾಗದಕ್ಕೆ ಏರಿತು.

ಅರ್ಜಿ ಕೋರ್ಟಿಗೆ ಹೋಗುವ ಮೊದಲೇ ಸುದ್ದಿ ಪೇಟೆಗೆಲ್ಲ ಹಬ್ಬಿತು. ಪಿಳ್ಳಪ್ಪ ಓಡಿಬಂದ. "ನಮ್ಮುಡ್ಗಿ ಬಟ್ಟೆ ಹರಾಜು ಹಾಕಿಸ್ತೀಯಾ ಮುನಿವೆಂಕಟಣ್ಣ?" ಅವನ ಹಿಂದೆಯೇ ಉಳಿದವರೂ ಬಂದು ತಂತಮ್ಮ ಬಟ್ಟೆ ಎತ್ತಿಕೊಂಡು ಹೋದರು. ಸಾಲಕ್ಕೆ ಬಾಡದಿದ್ದ ದೊಡ್ಡಪ್ಪನ ಮುಖ ಅವತ್ತು ಬಾಡಿತು. ಇನ್ನು ಮಿಷನ್ನೂ ಹೋದರೆ ಹೊಟ್ಟೆಗೇನು ಎಂದು ದೊಡ್ಡಮ್ಮ ಅವನನ್ನು ವಕೀಲ ವೆಂಕಟರಮಣಪ್ಪನವರ ಮನೆಗೆ ಎಳೆದುಕೊಂಡೇ ಹೋದಳು.

ವಕೀಲರು ಅರ್ಜಿ ಓದಿ ತಲೆ ಚಚ್ಚಿಕೊಂಡರು. "ಹೊಲಿಯೋಕೆ ಕೊಟ್ಟ ಬಟ್ಟೆ ನಿಂದೇನಯ್ಯ?"

"ಇಲ್ಲ ಸ್ವಾಮಿ. ಅಂಗಡೀಲಿತ್ತು, ಹೇಳ್ದೆ."

"ಅದನ್ನ ಹೊಡೆದುಹಾಕು. ಮಿಷನ್ನು, ಕತ್ತರಿ ನಿಂದೇ, ಮುಚ್ಚಿಡಬೇಡ, ಬರೆಸು. ಆದ್ರೆ ಕಸುಬಿನೋನ ಸಾಮಾನು ಸಾಲಕ್ಕೆ ಮುಟ್ಟೋ ಹಾಗಿಲ್ಲ ಅಂತ ಕಾನೂನೇ ಇದೆ. ಅದನ್ನ ಕೋರ್ಟಲ್ಲಿ ನಾನು ಹೇಳ್ತೀನಿ."

"ತಮ್ಮ ಫೀಜು?"

"ಮೊದಲು ಮಿಷನ್ನು ಉಳೀಲಿ. ನನ್ನ ಕೋಟು ಹರಿದಿದೆ, ನೋಡು."

ಕೋರ್ಟಿನಲ್ಲಿ ಸಾಲ ಕೊಟ್ಟವರು ಮಿಷನ್ನನ್ನೇ ಕೇಳಿದರು. ವಕೀಲರು ಎದ್ದು ಕಾನೂನು ತೋರಿಸಿದರು, ನ್ಯಾಯಾಧೀಶರು ಒಪ್ಪಿದರು. ದಿವಾಳಿಯೂ ಮಂಜೂರಾಗಿ, ಮಿಷನ್ನು ಅಂಗಡಿಯಲ್ಲೇ ಉಳಿಯಿತು. ಗಿರಾಕಿಗಳು ಮಾತ್ರ ಬರಲಿಲ್ಲ. ದಿವಾಳಿಯಾದವನ ಕೈಗೆ ಬಟ್ಟೆ ಕೊಡಲು ಎಲ್ಲರಿಗೂ ಭಯ. ದೊಡ್ಡಪ್ಪ ಬೇರೆ ಕೆಲಸವಿಲ್ಲದೆ ವಕೀಲರ ಕೋಟನ್ನೇ ಬಿಚ್ಚಿ ಬಿಚ್ಚಿ ಹೊಲಿಯುತ್ತ ಕೂರುತ್ತಿದ್ದ. ಅವನನ್ನು ಹಾಗೆ ನೋಡುವುದು ನಮಗೆಲ್ಲ ಸಂಕಟವಾಗುತ್ತಿತ್ತು.

ಯುಗಾದಿ ಹತ್ತಿರ ಬಂದಾಗ ಗೋಪಾಲಪ್ಪನವರು ಅಂಗಡಿಗೆ ಬಂದರು. ದೊಡ್ಡಪ್ಪ ಗಾಬರಿಯಾಗಿ ಎದ್ದು ನಿಂತ. "ನಿಮ್ಮ ದುಡ್ಡು ಮುಳುಗಿಸ್ಬಿಟ್ಟೆ ಯಜಮಾನ್ರೆ."

"ಅದು ಕೋರ್ಟಲ್ಲೇ ಮುಗೀತಲ್ಲಪ್ಪ. ಹಬ್ಬಕ್ಕೆ ಅಂಗಿ ಆಗ್ಬೇಕು. ನಿನ್ನಂಗೆ ಕಾಲರು ಕೂರ್ಸೋರು ಯಾರವ್ರೆ? ಅಳತೆ ನಿಂಗೆ ಗೊತ್ತೇ ಐತೆ" ಎಂದು, ಬಗಲಲ್ಲಿದ್ದ ಹೊಸ ಬಟ್ಟೆಯನ್ನು ಮಿಷನ್ನಿನ ಮೇಲಿಟ್ಟು ಹೊರಟುಹೋದರು.

ದೊಡ್ಡಪ್ಪ ಆ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ವಕೀಲರ ಕೋಟನ್ನು ಪಕ್ಕಕ್ಕಿಟ್ಟು, ಕತ್ತರಿ ತೆಗೆದುಕೊಂಡ.