ಬಸವಣ್ಣೆವ್ವ ನಂಬದ ಹಗೆತನ

ಪುಣೆಯ ಶನಿವಾರ ಪೇಠೆಯ ಒಂದು ಓಣಿಯಲ್ಲಿ ಬಸವಣ್ಣೆವ್ವನ ಖಾನಾವಳಿ ಇತ್ತು. ಗಂಡ ತೀರಿಕೊಂಡ ಮೇಲೆ ನವಲಗುಂದದಿಂದ ಬಂದು ಹೂಡಿದ ಒಲೆ ಅದು. ರೈಲ್ವೆ ಕಚೇರಿಯ ಗುಮಾಸ್ತರು, ಅಡತಿ ಅಂಗಡಿಯ ದಿವಾನಜಿಗಳು, ಧಾರವಾಡ ವಿಜಾಪುರದ ಕಡೆಯವರೆಲ್ಲ ದಿನವಿಡೀ ಮರಾಠಿ ಆಡಿ ದಣಿದು, ಕನ್ನಡದಲ್ಲಿ ಬೈಸಿಕೊಂಡು ಉಣ್ಣಲು ಅಲ್ಲಿಗೆ ಬರುತ್ತಿದ್ದರು. ಪಲ್ಯ, ಸಾರು, ಬೈಗುಳ ಬಸವಣ್ಣೆವ್ವನವು. ರೊಟ್ಟಿ ಮಾತ್ರ ಮೊಮ್ಮಗಳು ಕಲ್ಲವ್ವನದು. ಮುದುಕಿಯ ಮಣಿಕಟ್ಟು ಸೋತು ಬಹಳ ಕಾಲವಾಗಿತ್ತು.

ಈ ಕಲ್ಲವ್ವನನ್ನು ಸಿದ್ದಲಿಂಗಪ್ಪ ಮೆಚ್ಚಿದ್ದ. ಅವನು ಭಾಂಬುರ್ಡೆಯ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಹುಡುಗ. ಬೆರಳ ತುದಿಯ ಮಸಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಕಲ್ಲವ್ವನಿಗೂ ಮನಸ್ಸಿತ್ತು, ಅವನ ತಾಟಿಗೆ ಬೀಳುವ ರೊಟ್ಟಿ ಉಳಿದವರದಕ್ಕಿಂತ ತೆಳ್ಳಗಿರುತ್ತಿತ್ತು. ಆದರೆ ಬಸವಣ್ಣೆವ್ವ ಒಪ್ಪಲಿಲ್ಲ.

“ನಮ್ಮ ಮಾವನವರ ಮದುವಿ ಪಂಕ್ತಿಯೊಳಗ ಅವನ ಮುತ್ಯಾ ಹೋಳಿಗಿ ಬಿಟ್ಟು ಎದ್ದಿದ್ದ. ಆ ಮನಿಗೆ ಹೆಣ್ಣು ಕೊಡಾಂಗಿಲ್ಲ.”

ದೀಪಾವಳಿಯವರೆಗೆ ದಾರಿ ನೋಡುವುದಾಗಿಯೂ, ಆಮೇಲೆ ರೋಣದ ಒಂದು ಹೆಣ್ಣನ್ನು ಗಟ್ಟಿ ಮಾಡುವುದಾಗಿಯೂ ಹುಡುಗನ ಮನೆಯವರು ಹೇಳಿ ಕಳಿಸಿದ್ದರು. ಕಲ್ಲವ್ವ ಹಿಟ್ಟನ್ನು ಸ್ವಲ್ಪ ಜೋರಾಗಿ ಬಡಿಯತೊಡಗಿದಳು, ಅಷ್ಟೇ.

ಆ ವರ್ಷ ಗದಗಿನ ಕಡೆಯ ಒಂದು ನಾಟಕ ಕಂಪನಿ ಪುಣೆಯಲ್ಲಿ ಬಿಡಾರ ಹೂಡಿತು. ನಟರ ಊಟವೆಲ್ಲ ಬಸವಣ್ಣೆವ್ವನಲ್ಲಿ. ರವಿವಾರದ ಹಗಲಿನ ಆಟಕ್ಕೆ ಅವರು ಅವಳನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂಡಿಸಿದರು. ಆಟದಲ್ಲಿ ಎರಡು ದೇಸಾಯಿ ಮನೆತನಗಳಿಗೆ ಏಳು ತಲೆಮಾರಿನ ಹಗೆತನ. ಅಪ್ಪನಿಗೆ ಚೊಂಬಿನಲ್ಲಿ ಹಾಲು ತಂದುಕೊಡುವ ಇವರ ಹುಡುಗಿಗೆ ಅವರ ಹುಡುಗನ ಮೇಲೆ ಪ್ರೀತಿ. ಹುಡುಗಿಯ ಅಪ್ಪ ಕತ್ತಿ ಹಿರಿದು ಇಬ್ಬರನ್ನೂ ಅಗಲಿಸುತ್ತಾನೆ. ಕಡೆಗೆ ಇಬ್ಬರೂ ವಿಷ ಕುಡಿಯುತ್ತಾರೆ. ಅಪ್ಪನ ಪಾತ್ರ ಹೊಳಬಸಪ್ಪನದು. ಹೆಂಡತಿ ಇಲ್ಲದವನು, ಅಗಲವಾದ ಕೈ, ದಪ್ಪ ಮೀಸೆ. ಮಗಳ ಹೆಣದ ಮೇಲೆ ಬಿದ್ದು, “ಮಗಳೇ, ಇನ್ನಾರು ಈ ಮುದುಕನಿಗೆ ಹಾಲು ಕಾಸಿ ಕೊಡುವರು!” ಎಂದು ಅವನು ಗೋಳಾಡಿದಾಗ ಥಿಯೇಟರೆಲ್ಲ ಮೂಗು ಒರೆಸಿಕೊಂಡಿತು.

ಬಸವಣ್ಣೆವ್ವ ಎದ್ದು ನಿಂತಳು. “ನೋಡ್ರಿ! ಖರೇದು ಈಗ ಹೊರಗ ಬಿತ್ತು!”

ಊಟದ ಹೊತ್ತಿಗೆ ಅವಳು ಇಡೀ ಪಂಕ್ತಿಗೆ ಬಿಡಿಸಿ ಹೇಳಿದಳು. “ಹಗೆತನ ಅಂತ, ಹಗೆತನ! ಯಾಕ ಬಂತು ಅಂತ ಒಬ್ಬರ ಬಾಯಾಗಾದ್ರೂ ಬಂತೇನು? ಆ ಮನ್ಯಾಗ ಕತ್ತಿ ಹಿಡದಾವ್ರು ರಗಡ ಮಂದಿ, ಚೊಂಬು ಹಿಡದಾಕಿ ಒಬ್ಬಾಕಿ. ಅವ್ವ ಇಲ್ಲ, ಆಳಿಲ್ಲ. ಆಕೀನ್ನ ಕೊಟ್ಟರ ಒಲಿ ಹಚ್ಚಾವ್ರು ಯಾರು? ಅದಕ್ಕ ಈ ಕತಿ ಕಟ್ಯಾನ.”

“ಅವ್ವಾರ, ಅದು ನಾ ಅಲ್ರಿ, ನಾಟಕದಾಗಿನ ದೇಸಾಯಿ,” ಅಂದ ಹೊಳಬಸಪ್ಪ.

“ಹಾಲು ಕುಡದ ಬಾಯಿ ಯಾರದು?”

“ನಂದ ರೀ. ಆದ್ರ ಚೊಂಬಿನ್ಯಾಗ ಹಾಲು ಇರಾಂಗಿಲ್ರಿ. ಖಾಲಿ.”

“ಖಾಲಿ ಚೊಂಬು ತರಾಕೂ ಮಗಳ ಬೇಕೇನು ನಿನಗ?”

ಅಂದಿನಿಂದ ಅವನಿಗೆ ಮೊಸರು ಬಂದ್ ಆಯಿತು. ಎಡಗಡೆಯವನಿಗೆ ಬಡಿಸುವಳು, ಬಲಗಡೆಯವನಿಗೆ ಬಡಿಸುವಳು, ಅವನ ತಾಟು ಬಂದಾಗ ಸೌಟು ಎತ್ತಿಕೊಂಡು ದಾಟುವಳು. ಖಾರದ ಪಲ್ಯ ನುಂಗುತ್ತ ವಾರ ಕಳೆದ ಹೊಳಬಸಪ್ಪ, ತನ್ನ ಹಗೆತನ ಖರೇದೇ ಎಂದು ರುಜುವಾತು ಮಾಡಲು ನಿರ್ಧರಿಸಿದ. ಹಾಲನ್ನು ತಾನೇ ಕಾಸಿಕೊಂಡು, ಆಮೇಲೂ ಹೆಣ್ಣು ಕೊಡೆನೆಂದರೆ ಮುದುಕಿ ಏನು ಹೇಳುತ್ತಾಳೆ?

ಮುಂದಿನ ರವಿವಾರ ಅವನು ಇದ್ದಲಿಯ ಶೇಗಡಿ, ಪಾತೇಲಿ, ನಿಜವಾದ ಹಾಲು ತಂದು ರಂಗದ ನಡುವೆ ಇಟ್ಟುಕೊಂಡ. ಮಗಳು ಚೊಂಬು ತಂದಳು. “ಬೇಡ ಮಗಳೇ, ನಾನೇ ಕಾಸಿಕೊಳ್ಳುವೆ. ಆದರೂ ನಿನ್ನನ್ನು ಆ ಮನೆಗೆ ಕೊಡೆನು!” ಎಂದು ಗರ್ಜಿಸಿ, ಬಸವಣ್ಣೆವ್ವನ ಕಡೆ ನೋಡಿದ.

ಅಲ್ಲಿಯವರೆಗೆ ಸರಿಯಿತ್ತು. ಅಷ್ಟರಲ್ಲಿ ಪ್ರಿಯಕರ ಬಂದ, ಹುಡುಗಿಯ ಕೈ ಹಿಡಿದ. ಹೊಳಬಸಪ್ಪ ಕತ್ತಿಗೆ ಕೈ ಹಾಕಿ ಏಳಬೇಕು. ಹಾಲು ಮೇಲಕ್ಕೇರುತ್ತಿತ್ತು.

“ಉಕ್ಕತೈತಿ! ಉಕ್ಕತೈತಿ!” ಹೆಂಗಸರ ಸಾಲಿನಿಂದ ಕೂಗು ಬಂತು.

ಅವನು ಕೂತು ಊದಿದ. ಹಾಲು ಇಳಿಯಿತು. ಎದ್ದ; ಹಾಲು ಏರಿತು.

“ಹಾಲು ಬಿಟ್ಟು ಏಳಬ್ಯಾಡೋ ಯಪ್ಪಾ!”

ಅವನು ಮತ್ತೆ ಕೂತ. ಪ್ರೇಮಿಗಳು ಕೈ ಹಿಡಿದುಕೊಂಡು ನಿಂತೇ ನಿಂತರು. ತಡೆಯಲು ಯಾರೂ ಬರುವಂತೆ ಕಾಣಲಿಲ್ಲ. ಕಡೆಗೆ ಹುಡುಗ, “ಹಾಗಾದರೆ ನಾವು ಬರುತ್ತೇವೆ,” ಎಂದು ಹೇಳಿ ಹುಡುಗಿಯನ್ನು ಕರೆದುಕೊಂಡು ಹೋಗಿಬಿಟ್ಟ. ವಿಷ ಕುಡಿಯಲು ಯಾರೂ ಉಳಿಯಲಿಲ್ಲ. ಮ್ಯಾನೇಜರ ಪರದೆ ಬಿಟ್ಟ.

ಅಂದು ಪಂಕ್ತಿಯಲ್ಲಿ ಬಸವಣ್ಣೆವ್ವನ ಸೌಟು ಕುಣಿಯುತ್ತಿತ್ತು. “ಹೇಳಿದ್ದಿಲ್ಲೇನು? ಅವ ಒಲಿ ಮುಂದ ಕುಂತ, ಹುಡುಗಿ ದಾಟಿದ್ಲು. ಎಲ್ಲಿ ಹೋತು ಏಳು ತಲಿ ಹಗೆತನ?”

ರೈಲ್ವೆ ಗುಮಾಸ್ತ ನಿಜಲಿಂಗಪ್ಪ ತುತ್ತು ಕೆಳಗಿಟ್ಟ. “ಅವ್ವಾರ, ಒಂದು ಮಾತ್ರಿ. ಸಿದ್ದಲಿಂಗನ ಮುತ್ಯಾ ಹೋಳಿಗಿ ಯಾಕ ಬಿಟ್ಟು ಎದ್ದಿದ್ದ?”

ಯಾಕೆ ಎಂದು ಬಸವಣ್ಣೆವ್ವ ಯಾರನ್ನೂ ಕೇಳಿರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಲ್ಲವ್ವನ ಕೈ ನಿಂತಿತು. ಹಗಲೂ ಸಂಜೆಯೂ ಕೇಳಿ ಕೇಳಿ ಕಿವಿಗೆ ಬೀಳದಂತಾಗಿದ್ದ ಆ ಸಪ್ಪಳ ನಿಂತ ಕೂಡಲೇ ಮನೆಯೆಲ್ಲ ಬರಿದಾದಂತಾಯಿತು. ಮುದುಕಿ ತನ್ನ ಸೋತ ಮಣಿಕಟ್ಟನ್ನು ನೋಡಿಕೊಂಡಳು.

“ಆಯಿ,” ಒಳಗಿನಿಂದ ಕಲ್ಲವ್ವ ಕೇಳಿದಳು, “ಬಡೀಲೇನು, ಬಿಡ್ಲೇನು?”

ಅಷ್ಟರಲ್ಲಿ ಹೊಳಬಸಪ್ಪ ಟ್ರಂಕು ಹೊತ್ತು ಬಾಗಿಲಲ್ಲಿ ಬಂದು ನಿಂತ. ಮೀಸೆಗೆ ಹಾಲಿನ ಕೆನೆ ಹತ್ತಿತ್ತು. “ಮ್ಯಾನೇಜರ ನನ್ನ ಹೊರಗ ಹಾಕಿದ ರೀ. ನಿಮ್ಮಿಂದ ಹೋತು ನನ್ನ ದೇಸಗತಿ.”

ಬಸವಣ್ಣೆವ್ವ ಅವನ ಕೈ ಹಿಡಿದು, ಅಂಗೈ ಹೊರಳಿಸಿ, ಬೆರಳು ಚಾಚಿಸಿ ನೋಡಿದಳು.

“ಕೈ ತೊಳಕೊಂಡು ಒಲಿ ಮುಂದ ಕುಂಡ್ರು,” ಅಂದಳು. “ಕಲ್ಲಿ, ಇವಗ ಹಿಟ್ಟು ನಾದಾಕ ಕಲಿಸು. ದೀಪಾವಳಿ ದೂರಿಲ್ಲ.”

ಮೊದಮೊದಲು ಅವನ ರೊಟ್ಟಿಗೆ ಮೂಲೆಗಳಿದ್ದವು. ಸಿದ್ದಲಿಂಗಪ್ಪ ಮಾತ್ರ ಒಂದೂ ಬಿಡದೆ, ಹೊಗಳಿ ಹೊಗಳಿ ತಿಂದ. ನಾಟಕದ ಮಾತು ಹೇಳುತ್ತ ಬಡಿದರೆ ರೊಟ್ಟಿ ದುಂಡಗಾಗುತ್ತದೆ ಎಂಬುದು ಹೊಳಬಸಪ್ಪನಿಗೆ ಬರಬರುತ್ತ ತಿಳಿಯಿತು. ಆಮೇಲೆ ಓಣಿಯ ಮರಾಠಿ ಮಂದಿ ಕೂಡ ಕಿಟಕಿಯ ಹತ್ತಿರ ನಿಂತು, ದೇಸಾಯಿಯ ಶಪಥ ಕೇಳಿ ಹೋಗುವಂತಾಯಿತು.

ದೀಪಾವಳಿಯ ಪಾಡ್ಯಕ್ಕೆ ಕಲ್ಲವ್ವ, ಸಿದ್ದಲಿಂಗಪ್ಪನ ಮದುವೆಯ ಅಕ್ಕಿಕಾಳು. ಅಂದು ಮುಂಜಾನೆ ಹಣೆಗೆ ದಂಡೆ ಕಟ್ಟಿಕೊಂಡ ಕಲ್ಲವ್ವ ರೂಢಿಯಂತೆ ಬಂದು ಒಲೆ ಮುಂದೆ ಕೂತು ಹಿಟ್ಟಿಗೆ ಕೈ ಹಾಕಿದಳು. ಹೊಳಬಸಪ್ಪ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡ.

“ಹೋಗು ಮಗಳೇ,” ಅಂದ, ಥಿಯೇಟರಿನ ಕಡೆಯ ಸಾಲಿಗೂ ಕೇಳುವಂತೆ.

“ಹಂಚಿನ ಮ್ಯಾಲಿಂದು ಸೀಯಾಕತ್ತೈತಿ, ಮದಲ ಅದನ್ನ ತಿರುವು,” ಅಂದಳು ಬಸವಣ್ಣೆವ್ವ.