ಕವಲಿನಲ್ಲಿ ಇಟ್ಟ ಸೊಪ್ಪು

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನಿಂದ ಧೈರ್ಯದ ಕಥೆ ನಿರೀಕ್ಷಿಸಬಾರದು. ಚಾಮರಾಜಪೇಟೆಯ ಬೀದಿಯಲ್ಲಿ ಹುಟ್ಟಿ ಬೆಳೆದವಳು, ಹತ್ತೊಂಬತ್ತು ವರ್ಷಕ್ಕೆ ಮಲ್ಲತ್ತಹಳ್ಳಿಯ ಒಕ್ಕಲು ಮನೆಗೆ ಸೊಸೆಯಾಗಿ ಬಂದೆ. ರಾಜಾಜಿನಗರದಲ್ಲಿ ಆಗಿನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ನಮ್ಮೂರ ಕಡೆಗೆ ಬಸ್ಸೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಕಾಲುದಾರಿ.

ದಾರಿಯೇನೂ ಕಷ್ಟದ್ದಲ್ಲ. ಮಾರೇನಹಳ್ಳಿಯಿಂದ ನಮ್ಮೂರಿಗೆ ಒಂದೂವರೆ ಗಂಟೆಯ ನಡಿಗೆ. ಮುದುಕಿಯರೂ ತಲೆಯ ಮೇಲೆ ಹೊರೆ ಹೊತ್ತುಕೊಂಡು ಹರಟುತ್ತಾ ಬಂದುಬಿಡುತ್ತಿದ್ದರು. ಮುಕ್ಕಾಲು ದಾರಿ ಮುಗಿದ ಮೇಲೆ ಒಂದು ಕವಲು. ಎಡಕ್ಕೆ ಹೋದರೆ ಹೊಂಗೆ ತೋಪು, ಅದರಾಚೆ ಜಾಲಿ, ಲಂಟಾನ ಬೆಳೆದ ಕುರುಚಲು ಕಾಡು. ಅದು ನೆರಳಿನ ದಾರಿ, ಹತ್ತಿರದ್ದು. ಬಲಕ್ಕೆ ಹೋದರೆ ಕೆರೆಯ ದಡ ಹಿಡಿದು ಏರಿಯ ಮೇಲೆ ಬರಬೇಕು. ಬಯಲು, ಬಿಸಿಲು, ಸ್ವಲ್ಪ ಸುತ್ತು. ಎರಡೂ ನಮ್ಮೂರ ಬಾಗಿಲಲ್ಲಿ ಬಂದು ಕೂಡುತ್ತಿದ್ದವು.

ಆ ಕವಲಿಗೆ ಒಂದು ಕಟ್ಟಳೆಯಿತ್ತು. ಮುಂದೆ ಹೋದವರು, ತಾವು ಬಿಟ್ಟ ದಾರಿಗೆ ಅಡ್ಡಲಾಗಿ ಒಂದು ಹಸಿರು ಟೊಂಗೆ ಮುರಿದು ಹಾಕಿ ಅದರ ಮೇಲೊಂದು ಕಲ್ಲು ಇಡಬೇಕು. ಹಿಂದೆ ಬರುವವರು ಅದನ್ನು ನೋಡಿ ಇನ್ನೊಂದು ದಾರಿ ಹಿಡಿಯುತ್ತಿದ್ದರು. ಸೊಪ್ಪು ಹಾಕಿದ ದಾರಿ ಅಂದರೆ ಮುಚ್ಚಿದ ದಾರಿ. ಅಲ್ಲೇ ಹುಟ್ಟಿದವರು ಕೂಡ ಏಕೆ ಎಂದು ಕೇಳುತ್ತಿರಲಿಲ್ಲ. ಏರಿ ಕುಸಿದಿರಬಹುದು, ಹಾವು ಕಂಡಿರಬಹುದು, ಮುಂದೆ ಹೋದವರ ಕಣ್ಣನ್ನು ನಂಬಬೇಕು. ನಮ್ಮತ್ತೆ ಇದನ್ನು ನನಗೆ ನಾಲ್ಕು ಸಲ ಹೇಳಿಕೊಟ್ಟಿದ್ದರು. ಐದನೇ ಸಲ, “ಇಷ್ಟು ಓದಿದೀಯ, ಇಷ್ಟೂ ತಲೆಗೆ ಹೋಗಲ್ವೇನೇ?” ಎಂದು ನಕ್ಕಿದ್ದರು.

ಆ ವರ್ಷ ಮಾರೇನಹಳ್ಳಿಗೆ ಕೊಟ್ಟಿದ್ದ ನಾದಿನಿ ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಅವಳನ್ನು ತವರಿಗೆ ಕರೆತರಲು ನಾನೂ ಅತ್ತೆಯೂ ಹೋದೆವು. ನನ್ನ ಯಜಮಾನರು ಗಾಡಿ ಕಟ್ಟಿಕೊಂಡು ಸಿಟಿ ಮಾರ್ಕೆಟ್ಟಿಗೆ ತರಕಾರಿ ಒಯ್ದಿದ್ದರು. ಗಾಡಿ ಇಲ್ಲದಿದ್ದರೇನು, ಬಸುರಿ ಕಾಲಾಡಿಸಿದರೆ ಹೆರಿಗೆ ಸಲೀಸು ಎಂದು ಸೂಲಗಿತ್ತಿಯೇ ಹೇಳಿದ್ದಳಂತೆ. ಊಟ ಮುಗಿಸಿ ಮೂವರೂ ಹೊರಟೆವು. ನಾದಿನಿಯ ಸೀರೆಗಳ ಗಂಟು ನನ್ನ ತಲೆಯ ಮೇಲೆ.

ಅರ್ಧ ದಾರಿಗೆ ಅವಳ ಕಾಲು ಬಾತುಕೊಂಡವು. ಒಂದು ಆಲದ ಮರದ ಕೆಳಗೆ ಕೂತುಬಿಟ್ಟಳು. ಅತ್ತೆ ನನ್ನತ್ತ ತಿರುಗಿ, “ನೀನು ಮುಂದೆ ಹೋಗಮ್ಮ, ಹಸು ಕರೆಯೋ ಹೊತ್ತಾಯ್ತದೆ. ಹಂಡೆಗೆ ಉರಿ ಹಾಕು. ತೋಪಿನ ದಾರಿ ಚೆನ್ನಾಗಿದ್ರೆ ಅದ್ರಲ್ಲೇ ಹೋಗು, ಏರಿಗೆ ಸೊಪ್ಪು ಹಾಕು. ಏನಾದ್ರೂ ಕಂಡ್ರೆ ತೋಪಿಗೆ ಸೊಪ್ಪು ಹಾಕಿ ಏರಿ ಮೇಲೆ ಹೋಗು. ನಾವು ನೋಡ್ಕೊಂಡು ಬರ್ತೀವಿ” ಎಂದರು.

ಒಬ್ಬಳೇ ಹೋಗುವುದಕ್ಕೆ ನನಗೆ ಭಯ. ಉಲ್ಲಾಳದ ಕಡೆ ಚಿರತೆಯೊಂದು ಮೇಕೆ ಎಳೆದುಕೊಂಡು ಹೋಯಿತೆಂದು ಹದಿನೈದು ದಿನದಿಂದ ಬಾವಿಕಟ್ಟೆಯಲ್ಲಿ ಅದೇ ಮಾತು. ಆದರೆ ಊರಿನ ಹೆಂಗಸರೆಲ್ಲ ನನ್ನನ್ನು “ಪೇಟೆ ಹುಡುಗಿ, ಹಗ್ಗ ಕಂಡ್ರೂ ಹಾವು ಅಂತಾಳೆ” ಎಂದು ಆಡಿಕೊಳ್ಳುತ್ತಿದ್ದರಲ್ಲ, ಆ ರೋಷಕ್ಕೆ ಹೂಂ ಅಂದೆ. ರೋಷಕ್ಕೆ ಕಾಲಿಲ್ಲ, ನಡೆಯಬೇಕಾದವಳು ನಾನೇ ಎಂದು ಹತ್ತು ಮಾರು ಹೋದ ಮೇಲೆ ಗೊತ್ತಾಯಿತು.

ಕವಲಿನಲ್ಲಿ ನಿಂತು ತೋಪಿನೊಳಗೆ ಇಣುಕಿದೆ. ನೆರಳು, ತಂಪು, ಒಂದೆರಡು ಹಕ್ಕಿಗಳ ಸದ್ದು. ಚೆನ್ನಾಗಿಯೇ ಇತ್ತು. ಹೊಂಗೆ ಟೊಂಗೆ ಮುರಿದು ಏರಿಯ ದಾರಿಗೆ ಅಡ್ಡ ಹಾಕಿ, ಕಲ್ಲಿಟ್ಟು, ಒಳಗೆ ನಡೆದೆ. ತೋಪು ಮುಗಿದು ಲಂಟಾನ ಶುರುವಾಗುವ ಕಡೆ ಹಕ್ಕಿಗಳ ಸದ್ದು ನಿಂತುಹೋಯಿತು. ನೊಣಗಳ ಸದ್ದು ಕೇಳಿಸಿತು. ದಾರಿಯ ಪಕ್ಕದಲ್ಲೇ ಒಂದು ಮೇಕೆಯ ಕಾಲು ಬಿದ್ದಿತ್ತು. ಕಾಲು ಮಾತ್ರ. ರಕ್ತ ಇನ್ನೂ ಕೆಂಪಗಿತ್ತು. ಪೊದೆಯೊಳಗೆ ಏನೋ ಭಾರವಾದದ್ದು ಮಗ್ಗುಲು ಬದಲಿಸಿದ ಹಾಗೆ ಎಲೆಗಳು ಅಲ್ಲಾಡಿದವು.

ಗಂಟು ಎಲ್ಲಿ ಬಿತ್ತೋ ಗೊತ್ತಿಲ್ಲ, ಕಾಲಿಗೆ ಬುದ್ಧಿ ಹೇಳಿದೆ. ಬಂದ ದಾರಿಯಲ್ಲೇ ವಾಪಸ್ಸು ಓಡಿ ಕವಲು ತಲುಪಿದೆ. ನಾನೇ ಇಟ್ಟಿದ್ದ ಸೊಪ್ಪನ್ನು ದಾಟಿ ಏರಿ ಹತ್ತಿದೆ. ಬಯಲಾದರೂ ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಊರ ಬಾಗಿಲು ಕಂಡಾಗ ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಆಗ ನೆನಪಾಯಿತು. ಸೊಪ್ಪು ಏರಿಯ ದಾರಿಗೆ ಅಡ್ಡಲಾಗಿದೆ. ಅತ್ತೆ ಅದನ್ನು ನೋಡುತ್ತಾರೆ, ನನ್ನ ಕಣ್ಣನ್ನು ನಂಬುತ್ತಾರೆ, ಏಳು ತಿಂಗಳ ಬಸುರಿಯನ್ನು ಕೈಹಿಡಿದು ಆ ಪೊದೆಯ ಹತ್ತಿರಕ್ಕೇ ಕರೆದುಕೊಂಡು ಹೋಗುತ್ತಾರೆ.

ಓಡಿಹೋಗಿ ಸೊಪ್ಪು ತೆಗೆಯಬಹುದಿತ್ತು. ಅವರಿನ್ನೂ ಕವಲಿಗೆ ಬಂದಿರಲಿಲ್ಲವೇನೋ. ಊರಲ್ಲಿ ಯಾರನ್ನಾದರೂ ಕೂಗಿ ಕರೆಯಬಹುದಿತ್ತು. ಏರಿಯ ಈಚೆ ತುದಿಯವರೆಗೆ ಹೋದೆ, ಅಲ್ಲಿಂದ ಮುಂದೆ ಕಾಲಿಡದೆ ಹಿಂದಕ್ಕೆ ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಮನೆಗೆ ಹೋಗಿ ಹಂಡೆಗೆ ಉರಿ ಹಾಕಿದೆ. ಅತ್ತೆಯ ಸೊಂಟದಲ್ಲಿ ಕುಡುಗೋಲಿದೆ, ಇಬ್ಬರಿದ್ದಾರೆ, ಮಾತಿನ ಸದ್ದಿಗೆ ಮೃಗ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದವಳಿಗೆ ನೆಪಗಳಿಗೇನು ಬರ. ಹಸು ಕರೆಯಲು ಕೂತರೆ ಹಾಲು ಅರ್ಧ ನೆಲಕ್ಕೆ ಹೋಯಿತು. ಬಿಸಿಲು ಹಿತ್ತಲ ಗೋಡೆ ಹತ್ತಿತು, ಹೆಂಚಿಗೆ ಏರಿತು. ಅವರು ಬರಲಿಲ್ಲ. ನೀರು ಕುದಿಯುತ್ತಿತ್ತು, ನಾನು ಸೌದೆ ತುರುಕುತ್ತಲೇ ಇದ್ದೆ.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನೆರಳು ಕಂಡಿತು. ಇಬ್ಬರೂ ಇದ್ದರು. ನಾದಿನಿಯ ಸೀರೆ ಮೊಣಕಾಲವರೆಗೆ ಹರಿದಿತ್ತು, ಕಾಲೆಲ್ಲ ಮುಳ್ಳು ಗೀರಿದ ರಕ್ತ. ಅತ್ತೆ ನನ್ನನ್ನು ನೋಡಿದವರೇ ಓಡಿ ಬಂದು ತಲೆ, ಭುಜ, ಬೆನ್ನು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಕೆನ್ನೆಗೆ ಒಂದು ಬಿಟ್ಟರು. ಆಮೇಲೆ ತಬ್ಬಿಕೊಂಡು ಅತ್ತರು. ಕೂಗಿ ಕೂಗಿ ಅವರ ಗಂಟಲು ಕಟ್ಟಿಹೋಗಿತ್ತು.

ಮೇಕೆಯ ಕಾಲಿನ ಪಕ್ಕದಲ್ಲೇ ಗಂಟು ಬಿಚ್ಚಿ ಬಿದ್ದಿತ್ತಂತೆ, ಸೀರೆಯೊಂದು ಮುಳ್ಳಿಗೆ ಸಿಕ್ಕಿಕೊಂಡಿತ್ತಂತೆ. ಚಿರತೆ ನನ್ನನ್ನೇ ಎಳೆದುಕೊಂಡು ಹೋಯಿತೆಂದು ಇಬ್ಬರೂ ಪೊದೆ ಪೊದೆ ಕುಡುಗೋಲಿನಿಂದ ಸರಿಸಿ ಹುಡುಕಿದ್ದರು. ಯಾವ ಮೃಗ ಇತ್ತೋ, ಅವರ ಕೂಗಿಗೆ ಎದ್ದು ಹೋಗಿತ್ತೋ, ಅದು ಕಣ್ಣಿಗೆ ಬೀಳಲಿಲ್ಲ.

“ಏರಿ ಮೇಲೆ ಬಂದ್ಯಾ? ಮತ್ತೆ ಸೊಪ್ಪು?” ಎಂದು ಅತ್ತೆ ಕೇಳಿದರು.

“ಗಾಬರೀಲಿ ಮರ್ತುಬಿಟ್ಟೆ ಅತ್ತೆ.”

“ಪೇಟೆ ಹುಡುಗಿ, ಪಾಪ,” ಎಂದು ನನ್ನ ಕೆನ್ನೆ ಸವರಿದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಎರಡು ತಿಂಗಳ ಮೇಲೆ ನಾದಿನಿ ಹೆಣ್ಣುಮಗು ಹೆತ್ತಳು. ತಾಯಿ ಮಗು ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಒಂದು ದಿನ ಬಚ್ಚಲಲ್ಲಿ ಬಾಣಂತಿಗೆ ನೀರು ಹಾಕುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ಅಂದಳು:

“ನಾನು ಅವತ್ತೇ ಅವ್ವಂಗೆ ಹೇಳ್ದೆ ಅತ್ಗೆ, ಅವಳು ಹೆದರಿ ಮನೆ ಸೇರ್ಕೊಂಡಿರ್ತಾಳೆ, ನಡಿ ಹೋಗಾನ ಅಂತ. ಅವ್ವ ಕೇಳ್ಲೇ ಇಲ್ಲ. ಮರದ ಸಂದೀಲಿ ಏರಿ ಕಾಣ್ತಿತ್ತಲ್ಲ, ಆ ಕಡೇನೇ ನೋಡ್ತಿದ್ಲು. ‘ಮನೆ ಸೇರಿದ್ರೆ ನಮ್ಮನ್ನ ಹುಡುಕ್ಕೊಂಡು ಬರ್ದೆ ಇರ್ತಾಳಾ? ಬಂದಿಲ್ಲ ಅಂದ್ರೆ ಇಲ್ಲೇ ಎಲ್ಲೋ ಬಿದ್ದವ್ಳೆ’ ಅಂತ ಒಂದೇ ಮಾತು. ಅದಕ್ಕೇ ಕಾಡು ಬಿಟ್ಟು ಬರ್ಲಿಲ್ಲ ನಾವು.”

ನಾನು ಚೊಂಬಿನಿಂದ ನೀರು ಹೊಯ್ಯುತ್ತಲೇ ಇದ್ದೆ. ಊರ ಬಾಗಿಲಲ್ಲೇ ನನಗೆ ಸೊಪ್ಪು ನೆನಪಾಗಿತ್ತು ಎಂದು ಅವಳಿಗೂ ಹೇಳಲಿಲ್ಲ, ಅತ್ತೆ ಸಾಯುವತನಕ ಅತ್ತೆಗೂ ಹೇಳಲಿಲ್ಲ.